ಕರೀ ತುಂಡು

ಹನ್ನೊಂದು ಕೌದಿ ಹೊಲದೆ, ಹನ್ನೊಂದೂ
ಫಕೀರವ್ವತ್ತಿ ಹೇಳಿಧಾಂಗ:
ಕೆಂಪಿನ ಬಾಜೂಕ ಹಸಿರು, ಮೂಲ್ಯಾಗ ಹಳದಿ,
ದಾರ ಬಿಳೀದು, ಎಳ್ಳಷ್ಟೂ ಸೊಟ್ಟ ಹೋಗಬಾರದು.
ಹೋದರ, ಬಿಚ್ಚು.
ಬಿಚ್ಚಿ ಬಿಚ್ಚಿ ನನ್ನ ಬೆರಳಿಗೆ
ಹೊಲಿಯೂದಕ್ಕಿಂತ ಬಿಚ್ಚೂದ ಚೊಲೊ ಬರತಿತ್ತು.

ಹನ್ನೆರಡನೇದು ಮಗ್ಗದ ನಾಗಮ್ಮನ ಮೊಮ್ಮಗಳಿಗೆ,
ತೊಟ್ಟಿಲದಾಗ ಹಾಸಾಕ.
ಗುಳೇದಗುಡ್ಡದಾಗ ಖಣದ ತುಂಡಿಗೇನು ಬರ,
ಗಂಟು ಕಟ್ಟಿ ಕಳಿಸಿದ್ದರು.
ಗಂಟಿನ ತಳದಾಗ ಇಳಕಲ್ಲಿನ ಚಂದ್ರಕಾಳಿ,
ಹರದು ಹರದು ಎರಡು ಗೇಣು ಉಳದಿತ್ತು.

ಅತ್ತೀನ ಕೇಳಲಿಲ್ಲ.
ಕತ್ತರಿಸಿದೆ, ನಟ್ಟನಡುವ ಇಟ್ಟೆ,
ಸೂಜಿಗೆ ಕೆಂಪು ದಾರ ಪೋಣಿಸಿದೆ.
ಸಾಲು ಒಂದೀಟು ವಾಲಿತು.
ವಾಲಲಿ, ಮಲಪ್ರಭಾ ಏನ ನೆಟ್ಟಗ ಹರೀತಾಳ?

"ಕೂಸಿನ ಹಾಸಗಿಗೆ ಕರೀದಾ?" ಅಂದಳು ಅತ್ತಿ,
ಬಾಯಾಗಿನ ಎಲಿ ಒಂದು ಕಡೆ ಸರಿಸಿ.
"ಕೂಸಿನ ಗಲ್ಲಕ್ಕ ಕರೀ ಬಟ್ಟು ಇಡಾವರು ಯಾರು?" ಅಂದೆ.
ಅಂದಾಕಿ ನಾನೇನಾ ಅಂತ ನನಗ ಅನುಮಾನ.

ಚಾಳೀಸು ಏರಿಸಿದಳು. ಕೌದಿ ಮಗಚಿದಳು.
ವಾಲಿದ ಸಾಲಿನ ಮ್ಯಾಲ ಉಗುರು ಎಳದಳು.
ಬಿಚ್ಚು ಅನ್ನಲಿಲ್ಲ.
ಚೊಲೊ ಐತಿ ಅಂತನೂ ಅನ್ನಲಿಲ್ಲ.
ಬಾಗಲಾ ದಾಟೂ ಮುಂದ ತಿರುಗಿ ಕೇಳಿದಳು:
"ಆ ಕರೀದು ಇನ್ನೂ ಉಳದೈತೇನ?"