ಮಹಡಿ ಮನೆಯವನು

ಎವಾಲ್ದೊ ಅಂತ ಅವನ ಹೆಸರು.
ನಮ್ಮ ಬೀದಿಯ ಬಾಯಲ್ಲಿ ‘ಯಾವಾಗ್ಲೋ’ ಆಯಿತು;
ಕರೆದರೆ ಓಗೊಡುತ್ತಾನೆ.

ಬ್ರೆಜಿಲ್‌ನಿಂದ ಮಂಡ್ಯಕ್ಕೆ,
ಸಕ್ಕರೆ ಮಿಲ್ಲಿನ ಹೊಸ ಬಾಯ್ಲರಿಗೆ.
ಮೊದಲ ತಿಂಗಳು ಮುದ್ದೆಯನ್ನು ಅಗಿದ.
‘ನುಂಗ್ಬೇಕು ಕಣಪ್ಪ’ ಎಂದೆ. ಹೆದರಿದ.
ಈಗ ಉಪ್ಸಾರಿಗೆ ಖಾರ ಸಾಲದು ಅಂತಾನೆ.

ಕೆಲಸಕ್ಕೆ ಹೊರಡುವಾಗ ‘ಹೋಗ್ತೀನಿ’ ಅನ್ನುತ್ತಿದ್ದ.
ಹಂಗನ್ಬಾರ್ದು, ‘ಬತ್ತೀನಿ’ ಅನ್ನು
ಎಂದು ತಿದ್ದಿದ್ದು ನಾನೇ.

ನೆನ್ನೆ ರಾತ್ರಿ
ಕಬ್ಬಿನ ಲಾರಿಗಳು ಸಾಲುಗಟ್ಟಿ ನಿಂತಿದ್ದಾಗ
ಮೆಟ್ಟಿಲ ಮೇಲೆ ಕೂತು ತಾಯಿಗೆ ಫೋನು.
ನನಗೆ ಒಂದಕ್ಷರ ತಿಳಿಯದ ಮಾತು.
ಇಡುವ ಮುಂಚೆ ಮಾತ್ರ, ಬಾಯಿ ತಪ್ಪಿಯೋ ಏನೋ,
‘ಬತ್ತೀನಿ.’

ಆ ಕಡೆ ಏನಂದರೋ.
ಗಾಳಿ ತಿರುಗಿ ಕಾಕಂಬಿ ವಾಸನೆ ಬಂತು.
‘ನಮ್ಮೂರಲ್ಲೂ ಇದೇ ನಾತ’ ಎಂದ, ಮೂಗರಳಿಸಿ.

ನಾನು ಒಣಗಿದ ಬಟ್ಟೆ ಮಡಿಸುತ್ತಿದ್ದೆ.
ಅವನ ಪಂಚೆಯೂ ಇತ್ತು ಅದರಲ್ಲಿ.