ಸವೆದ ಎಕ್ಸ್

ಖಡೇಬಜಾರಿನ ನನ್ನ ಅಂಗಡಿಗೆ ವರ್ಷಕ್ಕೆರಡು ಸಲ
ಕ್ಯಾಂಪಿನಿಂದ ಟಾಂಗಾದಾಗ ಬರತಿತ್ತು
ವಿಟ್‌ಕೋಂಬ್ ಸಾಹೇಬರ ಟೈಪ್‌ರೈಟರ್,
ಕೂಸಿನಂಗ ಕಂಬಳಿ ಸುತ್ತಿಕೊಂಡು.

ಇಪ್ಪತ್ತೊಂದು ಕಾದಂಬರಿ ಬಡದಾರ ಅದರ ಮ್ಯಾಲ.
ಹದಿನೆಂಟರಾಗ ಒಂದೊಂದು ಹೆಣ, ಆರು ಮಂದಿ ಮ್ಯಾಲ ಸಂಶೇ,
ಕಡೀ ಪುಟದಾಗ ಕೊಂದಾಂವ ಸಿಕ್ಕೇ ಸಿಗತಾನ.
ಉಳಿದ ಮೂರು ಬರ್ಮಾದ ಲಡಾಯಿ;
ಅಲ್ಲಿ ಹೆಣ ರಗಡ, ಕೊಂದಾಂವ ಯಾರಂತ
ಕೇಳಾವರಿಲ್ಲ.
ಪೋಸ್ಟ್ ಮಾಸ್ತರ ಪಾಟಣಕರ ಓದಿ ಹೇಳಿದ್ದು ಇದು.

ನನಗ ಬರೂದು ಅಕ್ಷರದ ಹಲ್ಲು ನೋಡೂದಷ್ಟ.
ಇಂಗ್ಲೀಷಿನ್ಯಾಗ ಮೊದಲ ಇ ಸವೀತೈತಿ, ಆಮ್ಯಾಲ ಟಿ.
ಸಾಹೇಬರದು ಎಕ್ಸ್ ಸವದಿತ್ತು.
ಎಕ್ಸಿಗೇನು ಅಂಥಾ ಕೆಲಸ?

ಹಳೀ ರಿಬ್ಬನ್ನು ಬಿಚ್ಚಿ ಕಂದೀಲಿಗೆ ಹಿಡದೆ.
ಹಾಳಿಯೊಳಗ ಬರದದ್ದರ ಮ್ಯಾಲ ಎಕ್ಸ್ ಹೊಡದು ಮುಚ್ಚಬಹುದು;
ರಿಬ್ಬನ್ನು ಮುಂದಕ್ಕ ಸರೀತೈತಿ, ಏನೂ ಮುಚ್ಚೂದಿಲ್ಲ.
ಧೋಂಡಿಬಾ, ಅಂತಿತ್ತು. ಆಮ್ಯಾಲ ಎಂಟು ಎಕ್ಸ್.
ಮತ್ತ ಧೋಂಡಿಬಾ. ಮತ್ತ ಎಂಟು.
ಒಂದು ಕಡೆ ಅಷ್ಟ, ಹೆಸರಿಗಿಂತ ಮೊದಲ, ಒಂಟಿ ಐ.
ನಡುವಿನ ಶಬ್ದ ನನಗ ತಿಳೀಲಿಲ್ಲ.
ಪಾಟಣಕರರನ್ನ ಕೇಳಲೂ ಇಲ್ಲ.

ಹೊಸಾ ಎಕ್ಸ್ ಕೂಡ್ರಿಸಿ ಕೊಟ್ಟೆ.
ಹಳೀ ರಿಬ್ಬನ್? ಕೇಳಿದರು ಸಾಹೇಬರು.
ಒಲಿಗೆ ಹಾಕೇನ್ರಿ, ಅಂದೆ.
ಎಂಟಾಣೆ ಕೊಡಾಕ
ಮೂರು ಸಲ ಚಿಲ್ಲರೆ ಎಣಿಸಿದರು.