ಸ್ಟೇಜಿಗೂ ಸ್ಟೇಜಿಗೂ ನಡುವೆ

ರಜೆ ಇನ್ನೊಂದೇ ದಿನ.
ಹೊಸ ಪುಸ್ತಕಗಳಿಗೆ ಬೈಂಡು ಹಾಕಿಲ್ಲ,
ನನ್ನ ಖಾಕಿ ಬಕೆಟ್ಟಿನಲ್ಲಿ ನೆನೆಯುತ್ತಿದೆ.
ಹದಿನಾರು ವರ್ಷ ಟಿಕೆಟ್ ಹರಿದ ದಾರಿಯನ್ನು
ಒಮ್ಮೆ ನಡೆದು ನೋಡೋಣ ಬಾ, ಅಂದೆ.
ಲಿಖಿತ ಕೇಳಿದಳು: ಬಸ್ಸಿದೆಯಲ್ಲ?

ಇದೆ. ಅದಕ್ಕೇ.

ಬಸವನಗುಡಿಯಲ್ಲಿ ಕಲ್ಲು ಬಸವನ ಕಾಲಡಿ
ಹೊಳೆ ಹುಟ್ಟುತ್ತದಂತೆ.
ಹೂ ಮಾರುವಾಕೆಯನ್ನು ಕೇಳಿದರೆ
ಗದ್ದ ಎತ್ತಿ ನೆಲ ತೋರಿಸಿದಳು. ನೆಲ ಒಣಗಿತ್ತು.
ಮಗಳು ಜೇಬಿನಿಂದ ಗೋಲಿಯೊಂದನ್ನು ತೆಗೆದು
ರಸ್ತೆಗೆ ಬಿಟ್ಟಳು;
ಅದು ಉರುಳಿದ ಕಡೆಗೆ ನಾವು.
ಮೂರನೇ ತಿರುವಿನಲ್ಲಿ ಜಾಲರಿಯೊಳಗೆ ಬಿತ್ತು.
ಬಗ್ಗಿ ಕಿವಿಯಿಟ್ಟೆವು.

ಕೆಳಗೆ ನೀರು.

ಬಾಪೂಜಿನಗರ, ಗಾಳಿ ಆಂಜನೇಯ, ನಾಯಂಡಹಳ್ಳಿ:
ಬಾಯಿ ತಾನಾಗಿ ಕೂಗುತ್ತದೆ, ಮಗಳು ನಗುತ್ತಾಳೆ.
ಎರಡು ಹೆಸರಿನ ನಡುವೆ ನನಗೆ ಗೊತ್ತಿದ್ದದ್ದು ಇಷ್ಟು:
ಐದು ರೂಪಾಯಿ ಚಿಲ್ಲರೆ,
ಸರಸರ ಮುಚ್ಚುವ ಕಿಟಕಿಗಳು,
ಮೂಗಿಗೆ ಏರುವ ಸೆರಗು.
ಹೊಸಬರು ಯಾರಾದರೂ ಏನ್ ಸಾರ್ ಈ ವಾಸನೆ ಅಂದರೆ
ಮುಂದೆ ಹೋಗ್ರೀ, ಒಳಗೆ ಹೋಗ್ರೀ, ಅನ್ನುತ್ತಿದ್ದೆ
ಅದೇ ಉತ್ತರವೆಂಬಂತೆ.

ಇವತ್ತು ಕಿಟಕಿಯಿಲ್ಲ.
ಮೆಟ್ರೋ ಕಂಬಗಳ ನೆರಳು ದಾಟಿ, ತಡೆಗೋಡೆಯ ಬಿರುಕಿನಿಂದ
ಇಳಿದೆವು, ನಾನು ಕುಂಡೆ ಊರಿ, ಅವಳು ಓಡಿ.
ಕಪ್ಪು ನೀರು, ಮೇಲೆ ಮದುವೆಮನೆಯ ಎಲೆತೊಟ್ಟಿಯಂಥ ನೊರೆ.
ಹೊಂಗೆ ಮರದ ತುದಿಗೆ ನೇತಾಡುವ ಪ್ಲಾಸ್ಟಿಕ್ ಚೀಲಗಳು
ಹೋದ ವರ್ಷದ ಮಳೆ ಎಲ್ಲಿಯವರೆಗೆ ಬಂದಿತ್ತೆಂದು
ಗುರುತು ಹಾಕಿಟ್ಟಿದ್ದವು.
ಅಪ್ಪಾ, ನೀನು ನನಗೆ ಬಾಗಿಲ ಮೇಲೆ ಹಾಕಿದ ಗೆರೆ ಥರ,
ಅಂದಳು ಲಿಖಿತ.

ಗೋಣಿಚೀಲ ತೊಳೆಯುವ ಇಬ್ಬರು ದಾರಿ ಬಿಟ್ಟರು.
ದಂಟಿನ ಮಡಿಯಲ್ಲಿ ಕಳೆ ಕೀಳುತ್ತಿದ್ದ ಹನುಮಕ್ಕ
ಕೊಳವೆಯ ಬಾಯಿ ಕಾಲಲ್ಲಿ ಒತ್ತಿ ಹಿಡಿದು,
ಏನು ಸರ್ವೇನಾ? ಅಂದರು.
ಅಲ್ಲ, ರಜೆ.
ಇಲ್ಲಿಗಾ! ಎಂದು ನಕ್ಕು
ನಮ್ಮ ಬುತ್ತಿಯ ಚಿತ್ರಾನ್ನಕ್ಕೆ ಒಂದು ಈರುಳ್ಳಿ ಕೊಟ್ಟರು.
ಸೊಪ್ಪು ಯಾವ ಮಾರ್ಕೆಟ್ಟಿಗೆ ಹೋಗುತ್ತದೆಂದು ನಾನು ಕೇಳಲಿಲ್ಲ.
ಕೇಳಬೇಕಿತ್ತು. ನಮ್ಮನೆಯಲ್ಲೂ ದಂಟು ಬೇಯುತ್ತದೆ.

ಆ ನೀರಿನಲ್ಲೇ ಬೆಳ್ಳಕ್ಕಿಗಳು,
ಅಷ್ಟು ಬೆಳ್ಳಗೆ ಹೇಗಿರುತ್ತವೋ.
ಮಗಳು ನಲವತ್ತೊಂದರವರೆಗೆ ಎಣಿಸಿದಳು,
ಒಂದು ಹಾರಿ ಲೆಕ್ಕ ಕೆಡಿಸಿತು.

ಕೆಂಗೇರಿ ಮುಟ್ಟುವಾಗ ಅವಳ ಹಿಮ್ಮಡಿಯಲ್ಲಿ ಗುಳ್ಳೆ,
ನನ್ನ ಮೊಣಕಾಲು ಬೇರೆಯವರದು.
ವಾಪಸ್ಸು ಬಸ್ಸಿನಲ್ಲಿ ತಿಪ್ಪಣ್ಣನ ಡ್ಯೂಟಿ.
ಸ್ಟಾಫಿಗೆ ಯಾಕೋ, ಕೂತ್ಕೋ, ಅಂದ.
ಹಟ ಹಿಡಿದು ತೆಗೆದುಕೊಂಡೆ, ಒಂದು, ಒಂದು ಅರ್ಧ;
ಟಿಕೆಟ್ ಪಡೆಯುವ ಕೈ ಹೇಗಿರುತ್ತದೆಂದು ಮರೆತಿತ್ತು.

ಒಂದಿಡೀ ದಿನ ಕಿಟಕಿಯಾಚೆ
ಮುಕ್ಕಾಲು ಗಂಟೆಯಲ್ಲಿ ಹಿಂದಕ್ಕೆ ಓಡಿತು.
ಎಲ್ಲರೂ ಗಾಜು ಎಳೆದುಕೊಂಡರು.
ಲಿಖಿತ ಮಾತ್ರ ತಲೆ ಹೊರಗಿಟ್ಟು, ಸಣ್ಣ ದನಿಯಲ್ಲಿ:
ಗೋಣಿಚೀಲ... ಈರುಳ್ಳಿ ಅಜ್ಜಿ... ನಲವತ್ತೊಂದು...
ಯಾರ್ರೀ ಇಳಿಯೋರು?

ತಲೆ ಒಳಗೆ, ಅಂದೆ. ಅಭ್ಯಾಸ.

ಮನೆಗೆ ಬಂದು ಖಾಕಿ ಹಿಂಡಿ ತಂತಿಗೆ ಹಾಕಿದೆ.
ಪಡುವಣದಲ್ಲಿ ಮೋಡ ಕಟ್ಟುತ್ತಿದೆ.
ನಾಳಿದ್ದಿಗೆ ಒಣಗುತ್ತದೋ ಇಲ್ಲವೋ.